ತೇಪೆ ಹಾಕಿದ ಕೈಗಳ ಚರಿತ್ರೆ

ಕಪಿಲವಸ್ತುವಿನಲ್ಲಿ ಆನೆದಂತದ ಕೆಲಸ ಮಾಡುವವನೊಬ್ಬ ಬೌದ್ಧ ಭಿಕ್ಷುಗಳಿಗೆ ಮಾತು ಕೊಟ್ಟ: ಯಾರಿಗೆ ಸೂಜಿ ಇಡುವ ಕೊಳವೆ ಬೇಕೋ ಅವರು ಬಂದು ಕೇಳಲಿ, ಮಾಡಿಕೊಡುತ್ತೇನೆ. ಭಿಕ್ಷುಗಳು ಬಂದರು, ಬರುತ್ತಲೇ ಇದ್ದರು. ಸಣ್ಣದು ಇದ್ದವರು ದೊಡ್ಡದು ಕೇಳಿದರು, ದೊಡ್ಡದು ಇದ್ದವರು ಸಣ್ಣದು ಕೇಳಿದರು. ಕೊಳವೆ ಕೊರೆಯುವುದರಲ್ಲೇ ದಿನ ಕಳೆದು, ಮಾರಾಟಕ್ಕೆ ಬೇರೇನನ್ನೂ ಮಾಡಲಾಗದೆ, ಆತನ ಹೆಂಡತಿ ಮಕ್ಕಳು ಕಷ್ಟಕ್ಕೆ ಬಿದ್ದರು. ಸುದ್ದಿ ಬುದ್ಧನ ಕಿವಿಗೆ ಮುಟ್ಟಿತು. ಮೂಳೆ, ದಂತ, ಕೊಂಬಿನಿಂದ ಮಾಡಿಸಿದ ಸೂಜಿಕೊಳವೆಯನ್ನು ಒಡೆದುಹಾಕಬೇಕು, ಮಾಡಿಸಿಕೊಂಡ ಭಿಕ್ಷು ತಪ್ಪೊಪ್ಪಿಕೊಳ್ಳಬೇಕು ಎಂಬ ನಿಯಮ ಹೀಗೆ ಹುಟ್ಟಿತೆಂದು ಪಾಲಿ ವಿನಯಪಿಟಕ ಹೇಳುತ್ತದೆ.

ಹೊಲಿಗೆಯ ಚರಿತ್ರೆ ಎಂದೊಡನೆ ರಾಜರ ಜರತಾರಿ ಅಂಗಿ, ಅರಮನೆಯ ದರ್ಜಿ, ಹಡಗು ಹತ್ತಿ ಹೋದ ಕಸೂತಿ ಬಟ್ಟೆಗಳ ಮಾತು ಬರುತ್ತದೆ. ಹರಿದ ಬಟ್ಟೆಗೆ ತೇಪೆ ಹಾಕಿದವರ ಲೆಕ್ಕ ಇಟ್ಟವರು ಕಡಿಮೆ. ಆದರೆ ಯಾವ ಕಾಲದಲ್ಲೂ ಸೂಜಿ ಹೆಚ್ಚು ಓಡಾಡಿದ್ದು ಹೊಸ ಬಟ್ಟೆಯ ಮೇಲಲ್ಲ, ಹಳೆಯ ಬಟ್ಟೆಯ ಮೇಲೆ. ಅದಕ್ಕೇ ವಿನಯದ ಈ ಪುಟಗಳು ಬೆಲೆಬಾಳುತ್ತವೆ. ಹೊಲಿಯಲು ಬಾರದ ಗಂಡಸರ ಗುಂಪೊಂದು ತನ್ನ ಬಟ್ಟೆ ತಾನೇ ಹೊಲಿದುಕೊಳ್ಳಲು ಕಲಿತ ಬಗೆ ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ದಾಖಲಾಗಿದೆ.

ಮೊದಲು ಅವರು ಬಟ್ಟೆಯನ್ನು ಕೈಯಲ್ಲೇ ಹರಿದು, ಕೋಳಿ ಪುಕ್ಕದ ಕಡ್ಡಿಯಿಂದಲೋ ಬಿದಿರಿನ ಸಿಬಿರಿನಿಂದಲೋ ಪೋಣಿಸುತ್ತಿದ್ದರಂತೆ. ಭಿಕ್ಷುವಿನ ಉಡುಪಾದ ಚೀವರ ಸೊಟ್ಟಗಾಗುತ್ತಿತ್ತು. ಬುದ್ಧ ಕತ್ತರಿಸುವ ಅಲಗಿಗೆ ಒಪ್ಪಿಗೆ ಕೊಟ್ಟ, ಆಮೇಲೆ ಸೂಜಿಗೆ. ಸೂಜಿಗೆ ತುಕ್ಕು ಹಿಡಿಯಿತು; ಕೊಳವೆ ಬಂತು. ಕೊಳವೆಯಲ್ಲೂ ತುಕ್ಕು ಹಿಡಿದಾಗ ಒಳಗೆ ಜವೆಯ ಹಿಟ್ಟು ತುಂಬಿದರು, ಕಲ್ಲಿನ ಪುಡಿ ತುಂಬಿದರು, ಜೇನುಮೇಣ ಸವರಿದರು. ಹೊಲಿಗೆ ನೇರ ಬರಲೆಂದು ಮೊದಲು ಹುಸಿ ದಾರ ಎಳೆದುಕೊಳ್ಳಬಹುದು ಎಂದಾಯಿತು. ಇಂದಿನ ದರ್ಜಿಗಳ ಕಚ್ಚಾ ಹೊಲಿಗೆ ಅದೇ. ಬೆರಳಿಗೆ ಸೂಜಿ ಚುಚ್ಚಿಕೊಂಡವರಿಗೆ ಬೆರಳಿಗೆ ಹಾಕುವ ಟೊಪ್ಪಿಗೆ ಸಿಕ್ಕಿತು. ಕೆಲವರು ಅದನ್ನೂ ಬೆಳ್ಳಿ ಬಂಗಾರದಲ್ಲಿ ಮಾಡಿಸಿಕೊಂಡಾಗ ಅದಕ್ಕೆ ತಡೆ ಬಿತ್ತು. ಸೂಜಿ, ಟೊಪ್ಪಿಗೆ ಕಳೆದುಹೋಗುತ್ತವೆ ಎಂಬ ದೂರು ಬಂದಾಗ ಇಟ್ಟುಕೊಳ್ಳಲು ಸಣ್ಣ ಬಟ್ಟಲು, ಆಮೇಲೆ ಚೀಲ. ಮನೆಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಂದು ಸೇರಿಕೊಂಡಿರುವ ಸಾಮಾನುಗಳ ಪಟ್ಟಿ ಹೆಚ್ಚುಕಡಿಮೆ ಅಲ್ಲೇ ಪೂರ್ತಿಯಾಗಿತ್ತು.

ಚೀವರದ ವಿನ್ಯಾಸದ್ದೂ ಒಂದು ಕತೆ ಇದೆ. ಮಗಧದ ಗದ್ದೆಗಳು ಬದುಗಳಿಂದ ಚೌಕ ಚೌಕವಾಗಿ ಹರಡಿಕೊಂಡಿದ್ದನ್ನು ತೋರಿಸಿ, ಹೀಗೆ ಹೊಲಿಯಬಹುದೇ ಎಂದು ಬುದ್ಧ ಆನಂದನನ್ನು ಕೇಳಿದ. ಆನಂದ ಹೊಲಿದು ತೋರಿಸಿದ. ತುಂಡು ತುಂಡು ಮಾಡಿ ಕೂಡಿಸಿದ ಬಟ್ಟೆಯನ್ನು ಕದ್ದು ಮಾರುವವರಿಗೆ ಬೆಲೆ ಸಿಗುವುದಿಲ್ಲ. ಉಟ್ಟವನಿಗೆ ಮಾತ್ರ ಅದು ಪೂರ್ತಿ ಬಟ್ಟೆ. ಭಿಕ್ಷುವಿಗೆ ವಿಧಿಸಿದ ಎಂಟು ಪರಿಕರಗಳಲ್ಲಿ ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆಯ ಜೊತೆಗೆ ಸೂಜಿಯೂ ಒಂದು. ಭೀಮಾ ತೀರದ ಸನ್ನತಿ, ಕನಗನಹಳ್ಳಿಯ ಸ್ತೂಪಗಳ ಬಳಿ ಬಾಳಿದ ಭಿಕ್ಷುಗಳ ಚೀಲದಲ್ಲೂ ಈ ಲೆಕ್ಕದಂತೆ ಸೂಜಿ ಇರಲೇಬೇಕಿತ್ತು. ಕಲಬುರಗಿ ಸೀಮೆಯ ಹೊಲಿಗೆಯ ಮಾತನ್ನು ಅಲ್ಲಿಂದಲೇ ಶುರು ಮಾಡುವುದರಲ್ಲಿ ತಪ್ಪೇನಿಲ್ಲ.

ಸೂಜಿ ಮಾಡುವುದು ಆಗ ಕಮ್ಮಾರರ ಹೆಮ್ಮೆಯ ಕೆಲಸ. ಸೂಚಿ ಜಾತಕದ ಕತೆಯಲ್ಲಿ ಬೋಧಿಸತ್ತ್ವ ಬಡ ಕಮ್ಮಾರನಾಗಿ ಹುಟ್ಟುತ್ತಾನೆ. ಹೆಸರುವಾಸಿ ಕಮ್ಮಾರನೊಬ್ಬನ ಮಗಳನ್ನು ಮದುವೆಯಾಗುವ ಆಸೆ. ಕಮ್ಮಾರರೇ ತುಂಬಿರುವ ಆ ಊರಿಗೆ ಹೋಗಿ, ಬೀದಿಯಲ್ಲಿ ನಿಂತು ಸೂಜಿ ಮಾರುತ್ತಾನೆ. ಅವನ ಸೂಜಿಗೆ ಒರೆ, ಆ ಒರೆಗೆ ಮತ್ತೊಂದು ಒರೆ, ಹೀಗೆ ಒಂದರೊಳಗೊಂದು. ಅಡಿಗಲ್ಲನ್ನೇ ತೂರಿಹೋಗುವ ಆ ಸೂಜಿ ನೋಡಿ ಹುಡುಗಿಯ ತಂದೆ ಸೋಲೊಪ್ಪುತ್ತಾನೆ.

ಕನ್ನಡದ ಕಡೆ ಹೊರಳಿದರೆ, 12ನೇ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ನಿಂತಿದ್ದಾನೆ. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ರಾಮಿತಂದೆ: ಹತ್ತಿಯ ಎಳೆಯಿಂದ ಅಂಗಿಯವರೆಗಿನ ಕೆಲಸವೆಲ್ಲ ವಚನಕಾರರ ಹೆಸರುಗಳಲ್ಲೇ ಸಿಗುತ್ತದೆ. ಉಪಕರಣದ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಳ್ಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ದರ್ಜಿ ಎಂಬ ಫಾರಸಿ ಮಾತು ಬರುವ ಮುನ್ನ ಕನ್ನಡದಲ್ಲಿ ಹೊಲಿಯುವವನು ಚಿಪ್ಪಿಗ. ಉತ್ತರ ಕರ್ನಾಟಕದಲ್ಲಿ ಇಂದಿಗೂ ಸಿಂಪಿಗೇರರ ಮನೆತನಗಳಿವೆ. ಪಂಢರಪುರದ ವಿಠ್ಠಲನನ್ನು ಹಾಡಿದ ನಾಮದೇವ ಅವರ ಕುಲದ ಸಂತ.

ಆದರೆ ಚಿಪ್ಪಿಗನಿಗೆ ಹಳ್ಳಿಯಲ್ಲಿ ಕೆಲಸ ಎಷ್ಟಿತ್ತು? ಗಂಡಸರದು ಧೋತರ, ಹೆಂಗಸರದು ಸೀರೆ, ಹೊದೆಯಲು ಕಂಬಳಿ. ಮಗ್ಗದಿಂದ ಇಳಿದ ಬಟ್ಟೆ ಕತ್ತರಿ ಕಾಣದೆಯೇ ಮೈಗೆ ಬರುತ್ತಿತ್ತು. ಹೊಲಿಗೆ ಬೇಕಾಗಿದ್ದು ಸಣ್ಣಪುಟ್ಟದಕ್ಕೆ: ಕುಪ್ಪಸ, ಕೂಸಿನ ಕುಲಾಯಿ, ತಲೆ ಬೆನ್ನು ಮುಚ್ಚುವ ಕುಂಚಿಗೆ, ಎಲೆಅಡಿಕೆ ಚೀಲ, ಎತ್ತಿನ ಜೂಲು, ಗೋಣಿಚೀಲ. ಇವುಗಳಲ್ಲಿ ಮುಕ್ಕಾಲುಪಾಲು ಮನೆಯ ಹೆಂಗಸರ ಕೈಯಲ್ಲೇ ಆಗುತ್ತಿತ್ತು. ಗೋಣಿಗೆ ಮಾತ್ರ ದಬ್ಬಣ ಬೇಕು, ಅದು ಗಂಡಸರ ಕೈಗೂ ಹೋಗುತ್ತಿತ್ತು. ಗುಳೇದಗುಡ್ಡದ ಖಣ ಒಂದು ಕುಪ್ಪಸಕ್ಕೆ ಬೇಕಾದಷ್ಟೇ ಅಳತೆಯಲ್ಲಿ ಬರುತ್ತದೆ. ಅಂಚನ್ನು ತೋಳಿಗೆ ಕೂಡಿಸಿ, ಉಳಿದ ಮೂಲೆಯನ್ನು ಕಂಕುಳಿಗೆ ಇಟ್ಟು, ಚೂರೂ ಪೋಲಾಗದಂತೆ ಕತ್ತರಿಸುವುದು ಅಕ್ಷರ ಬಾರದ ಅಜ್ಜಿಯರಿಗೂ ಕರಗತವಾಗಿದ್ದ ರೇಖಾಗಣಿತ. ಚೊಚ್ಚಲ ಬಸುರಿಗೆ ಸೀಮಂತ ಮಾಡುವ ಕಾರ್ಯಕ್ಕೆ ಆ ಸೀಮೆಯಲ್ಲಿ ಕುಬಸ ಎಂದೇ ಹೆಸರು.

ಸೀರೆ ಹರಿದರೆ ಮಾಡುವ ಕೆಲಸ ಇನ್ನೂ ನಾಜೂಕಿನದು. ಒಂಬತ್ತು ಗಜದ ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕಚ್ಚೆ ಹಾಕಿ ಹೊಲದಲ್ಲಿ ಬಾಗಿ ಕೆಲಸ ಮಾಡುವವಳ ಸೀರೆ ಕೂರುವ ಜಾಗದಲ್ಲಿ ಬೇಗ ಪಿಸಿಯುತ್ತದೆ. ಹಿಮ್ಮಡಿಗೆ ತಾಗುವ ಕೆಳ ಅಂಚು ಅದಕ್ಕೂ ಮೊದಲು. ಪಿಸಿದ ಭಾಗವನ್ನು ಅಡ್ಡಕ್ಕೆ ಕತ್ತರಿಸಿ ತೆಗೆದು, ಗಟ್ಟಿ ಇರುವ ಎರಡು ತುದಿಗಳನ್ನು ಕೂಡಿಸಿ ಹೊಲಿದರೆ ಇನ್ನೊಂದೆರಡು ವರ್ಷ ಬಾಳುತ್ತಿತ್ತು. ಹೊಲಿಗೆ ನೆರಿಗೆಯೊಳಗೆ ಅಡಗುವಂತೆ ಉಡುವುದು ಉಡುವವಳ ಜಾಣತನ. ಎರಡು ಹಳೇ ಸೀರೆಗಳ ಒಳ್ಳೇ ಅರ್ಧಗಳನ್ನು ಕೂಡಿಸಿ ಒಂದು ಮಾಡುವುದೂ ಇತ್ತು.

ಅದಕ್ಕೂ ಬಾರದಾದಾಗ ಸೀರೆ ಇಳಿಜಾರಿನ ಹಾದಿ ಹಿಡಿಯುತ್ತದೆ. ಸೆರಗು ಮಗಳ ಲಂಗವಾಗುತ್ತದೆ. ಒಡಲಿನ ಮೆತ್ತನೆಯ ಭಾಗ ಬಾಣಂತಿಯ ತಲೆಗೆ, ಕೂಸಿನ ಕೆಳಗೆ, ತೊಟ್ಟಿಲಿನ ಜೋಳಿಗೆಗೆ. ಉಳಿದದ್ದು ಪದರ ಪದರವಾಗಿ ಹೊಲಿಯುವ ಹೊದಿಕೆಗೆ, ಅಂದರೆ ಕೌದಿಗೆ. ಕೌದಿಗೂ ಬಾರದ ಚೂರು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆ. ಮದುವೆಗೆ ಬಂದ ಇಳಕಲ್ಲ ಸೀರೆಯೊಂದು ಹೀಗೆ ಮೂರು ತಲೆಮಾರಿನ ಮೈ ಮುಟ್ಟಿಯೇ ಬೂದಿಯಾಗುತ್ತಿತ್ತು. ಬಡತನ ಇದಕ್ಕೆ ಕಾರಣ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಬಡತನವೇನೋ ಇತ್ತು. ಆದರೆ ಉಳ್ಳವರ ಮನೆಗಳಲ್ಲೂ ಕೌದಿ ಹೊಲಿಯುತ್ತಿದ್ದರು. ಯಾವ ನೂಲು ಯಾವ ವಯಸ್ಸಿಗೆ ಯಾವುದಕ್ಕೆ ಹದ ಎಂಬ ತಿಳಿವಳಿಕೆ ಬಡತನದಿಂದ ತಾನಾಗಿ ಬರುವಂಥದ್ದಲ್ಲ. ಅದನ್ನು ಕಲಿಯಬೇಕು, ಕಲಿಸಬೇಕು.

ಕೌದಿಗೆ ಕಾಲ ಬೇಸಿಗೆ. ಸುಗ್ಗಿ ಮುಗಿದಿರುತ್ತದೆ, ಮಳೆ ಇನ್ನೂ ದೂರ, ಬಿಸಿಲು ಒಗೆದ ಬಟ್ಟೆಗಳನ್ನು ಗರಿಗರಿ ಒಣಗಿಸಿರುತ್ತದೆ. ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಒಂದು ಅಖಂಡ ಸೀರೆಯನ್ನು ಮಡಿಚಿ ಹಾಸುತ್ತಾರೆ, ಅದು ತಳ. ಅದರ ಮೇಲೆ ಧೋತರ, ಲಂಗ, ಅಂಗಿಯ ಬೆನ್ನು ಪದರ ಪದರವಾಗಿ. ಎಲ್ಲಿ ತೆಳುವಿದೆಯೋ ಅಲ್ಲಿ ಇನ್ನೊಂದು ತುಂಡು; ಕಣ್ಣು ಮುಚ್ಚಿ ಅಂಗೈ ಆಡಿಸಿದರೂ ಏರಿಳಿತ ಗೊತ್ತಾಗಬಾರದು. ಮೇಲಿನ ಪದರದಲ್ಲಿ ಬಣ್ಣದ ತುಂಡುಗಳ ಜೋಡಣೆ: ಕೆಂಪಿನ ಪಕ್ಕ ಹಸಿರು, ನಡುವೆ ಖಣದ ಚೌಕ, ಸುತ್ತ ಸೀರೆ ಅಂಚಿನ ಪಟ್ಟಿ. ಆಮೇಲೆ ಮೂರ್ನಾಲ್ಕು ಜನ ಬದಿಗೊಬ್ಬರಂತೆ ಕೂತು ಹೊರ ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರುತ್ತಾರೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಬೆರಳಗಲದ ಜಾಗ. ಎಡಗೈ ಬಟ್ಟೆಯ ಕೆಳಗೆ, ಬಲಗೈ ಮೇಲೆ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಗುಲಿದಾಗಲೇ ಎಲ್ಲ ಪದರ ದಾಟಿದೆ ಎಂದು ತಿಳಿಯುವುದು. ನಾಲ್ಕಾರು ಟಾಕಿಗಳನ್ನು ಸೂಜಿಯ ಮೇಲೇ ಕೂಡಿಸಿಕೊಂಡು ಒಮ್ಮೆಗೇ ದಾರ ಎಳೆಯುತ್ತಾರೆ. ‘ಬಿಗಿ ಜಗ್ಗಬ್ಯಾಡವ್ವಾ, ನಿರಿಗಿ ಬೀಳತಾವ’ ಎಂದು ಹಿರಿಯಳು ಸೊಸೆಗೆ ಹೇಳುವುದು ಈ ಗಳಿಗೆಯಲ್ಲೇ. ದಾರ ಬಿಗಿಯಾದರೆ ಕೌದಿ ಮುದುಡುತ್ತದೆ, ಸಡಿಲಾದರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಹೀಗೆ ಸಾಲು ಒಳಗೊಳಗೆ ಬಂದು ನಡುವಿನ ಚೌಕದಲ್ಲಿ ಮುಗಿಯುತ್ತದೆ. ಬದಿಗಳಲ್ಲಿ ಕೂತವರು ಹೊಲಿದಂತೆಲ್ಲ ಹತ್ತಿರ ಹತ್ತಿರ ಸರಿಯುತ್ತಾರೆ. ಊರಿನ ಸುದ್ದಿ, ತವರಿನ ಸಂಕಟ, ಹಾಡು ಎಲ್ಲವೂ ಅಲ್ಲಿ ಹರಿದುಹೋಗುವುದರಿಂದ ಕೌದಿ ಹೊಲಿಯುವ ಮಧ್ಯಾಹ್ನಗಳಿಗೆ ಹೆಂಗಸರ ಬದುಕಿನಲ್ಲಿ ಬೇರೆಯದೇ ತೂಕವಿತ್ತು. ಕೈ ಸಾಲದವರಿಗೆ ಹೊಲಿದುಕೊಡುವವರೂ ಇದ್ದರು. ಅಲೆಮಾರಿ ಸಮುದಾಯಗಳ ಹೆಂಗಸರು ಬೇಸಿಗೆಯಲ್ಲಿ ಊರೂರು ತಿರುಗಿ, ಗಿರಾಕಿಯ ಮನೆಯಂಗಳದಲ್ಲೇ ಕೂತು, ಕೂಲಿಗೋ ಕಾಳಿಗೋ ಕೌದಿ ಹೊಲಿದುಕೊಟ್ಟು ಮುಂದಿನ ಊರಿಗೆ ಹೋಗುತ್ತಿದ್ದರು.

ಬಂಗಾಳದಲ್ಲಿ ಇದು ಕಾಂಥಾ, ಬಿಹಾರದಲ್ಲಿ ಸುಜನಿ, ಮಹಾರಾಷ್ಟ್ರದಲ್ಲಿ ಗೋಧಡಿ, ಸಿಂಧ್‌ನಲ್ಲಿ ರಲ್ಲಿ. ನಮ್ಮಲ್ಲೇ ಆಂಧ್ರದ ಗಡಿಯತ್ತ ಹೋದರೆ ಬೊಂತೆ. ಕಾಂಥಾ ಇಂದು ಸೀರೆ, ಶಾಲುಗಳ ಮೇಲೇರಿ ದೊಡ್ಡ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಕೌದಿಗೆ ಆ ಯೋಗ ಬರಲಿಲ್ಲ. ಬಂದದ್ದು ಅದರ ಅಕ್ಕಪಕ್ಕದಲ್ಲೇ ಬೆಳೆದ ಕಸೂತಿಗೆ. ಧಾರವಾಡ ಸೀಮೆಯ ಈ ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಕೆಲಸ; ಗೋಪುರ, ತೇರು, ಆನೆ, ತುಳಸಿ ವೃಂದಾವನಗಳು ಬಟ್ಟೆಯ ಮೇಲೆ ಏಳುತ್ತವೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿಯನ್ನು ಹತ್ತಿರದಿಂದ ನೋಡಬೇಕು. ಸೂಜಿ ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತ ಕೊನೆ ಮುಟ್ಟಿ, ಅದೇ ದಾರಿಯಲ್ಲಿ ತಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೋಗುವ ಹೊಲಿಗೆ ಕೌದಿಯದೇ. ಹಗಲು ಕೌದಿ ಹೊಲಿದ ಕೈಯೇ ಚಂದ್ರಕಾಳಿ ಸೀರೆಯ ಸೆರಗಿಗೆ ಕಸೂತಿ ತುಂಬಿತು. ಒಂದು ಕಲೆ ಎನಿಸಿತು, ಇನ್ನೊಂದು ಮನೆಗೆಲಸವಾಗಿ ಉಳಿಯಿತು.

ಕೌದಿಯನ್ನು ಹೊರಜಗತ್ತು ಕಣ್ತೆರೆದು ನೋಡಿದ್ದು ಕಾಡಿನ ಕಡೆಯಿಂದ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ ಮೂಲದವರು. ಅವರ ಹಿರಿಯರಲ್ಲಿ ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಅವರ ಹೆಂಗಸರು ಹೊಲಿಯುವ ಕವಂಡಿ ಎಂಬ ಕೌದಿಗಳಲ್ಲಿ ಮೊದಲೇ ಮಾಡಿಟ್ಟ ನಕಾಶೆ ಇರುವುದಿಲ್ಲ. ಒಂದು ಮೂಲೆಯಲ್ಲಿ ಶುರು ಮಾಡಿ, ಸುತ್ತ ಬರುತ್ತಾ, ಕೈಗೆ ಸಿಕ್ಕ ತುಂಡನ್ನು ಅಲ್ಲೇ ಮಡಿಚಿ ಕೂರಿಸುತ್ತಾ ಒಳಸೇರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಕೆ ಮಡಿಕೆಯ ತ್ರಿಕೋನಗಳು. ಅವಕ್ಕೆ ಫೂಲ ಎಂದು ಹೆಸರು. ಫೂಲ ಇಲ್ಲದ ಕವಂಡಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಕಲಾಚರಿತ್ರೆ ಕಲಿಸುತ್ತಿದ್ದ ಹೆನ್ರಿ ಡ್ರೂವಲ್ ಈ ಶತಮಾನದ ಮೊದಲ ವರ್ಷಗಳಲ್ಲಿ ಇವನ್ನು ಕಂಡು ಬರೆದರು. ಸಿದ್ದಿ ಹೆಂಗಸರ ಹೊಲಿಗೆ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. ಕವಂಡಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಮಕ್ಕಳು ಉಚ್ಚೆ ಹೊಯ್ಯುವ ಹಾಸಿಗೆಗೆಂದೇ ಹೊಲಿದ ಬಟ್ಟೆ ಗೋಡೆಯ ಮೇಲೆ ತೂಗಿತು. ಅದು ಸಲ್ಲಬೇಕಾದ ಗೌರವವೇ. ಆದರೆ ಅದೇ ಕಾಡಂಚಿನಿಂದ ಒಂದು ಗಂಟೆ ಮೂಡಲಿಗೆ ಹೋದರೆ ಸಿಗುವ ಬಯಲುಸೀಮೆಯ ಕೌದಿಗಳ ಬಗ್ಗೆ ಅಷ್ಟೇ ಕಾಳಜಿಯ ಅಧ್ಯಯನ ಇನ್ನೂ ಆಗಬೇಕಾಗಿದೆ.

ಇಷ್ಟೆಲ್ಲ ಹೊಲಿದ ಸೂಜಿ ಎಲ್ಲಿಂದ ಬರುತ್ತಿತ್ತು? ಊರ ಕಮ್ಮಾರನ ಸೂಜಿಯ ಕಾಲ 19ನೇ ಶತಮಾನದಲ್ಲಿ ಮುಗಿಯಿತು. ಇಂಗ್ಲೆಂಡಿನ ರೆಡಿಚ್ ಎಂಬ ಊರು ಆಗ ಲೋಕಕ್ಕೆಲ್ಲ ಸೂಜಿ ಕಳಿಸುತ್ತಿತ್ತು. ಉಕ್ಕಿನ ತಂತಿ ಕತ್ತರಿಸಿ, ಎರಡೂ ತುದಿ ಮಸೆದು, ನಡುವೆ ಎರಡು ಕಣ್ಣು ಕೊರೆದು, ಮುರಿದು ಎರಡು ಸೂಜಿ ಮಾಡುವ ಅಲ್ಲಿನ ವಿಧಾನದ ಮುಂದೆ ಕೈಯಲ್ಲಿ ಬಡಿದ ಸೂಜಿ ನಿಲ್ಲಲಿಲ್ಲ. ಆ ಅಗ್ಗದ ಸೂಜಿಯ ಹಿಂದೆ ನೋವೂ ಇತ್ತು: ಮೊನೆ ಮಸೆಯುವವರು ಕಲ್ಲು ಉಕ್ಕಿನ ಧೂಳು ಕುಡಿದು ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ಕಾಗದದಲ್ಲಿ ಚುಚ್ಚಿದ ಸೂಜಿ ಪಟ್ಟಿ ಜಾತ್ರೆಗಳಿಗೆ ಬಂತು, ಸಂತೆಗೆ ಬಂತು. ಬುಟ್ಟಿ ಹೊತ್ತು ಓಣಿ ಓಣಿ ತಿರುಗುವ ಹೆಂಗಸರು ಬಾಚಣಿಕೆಗೆ ಬಂದ ಕೂದಲ ಉಂಡೆ ಇಸಿದುಕೊಂಡು ಸೂಜಿ, ಪಿನ್ನು ಕೊಟ್ಟುಹೋದರು. ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು, ಮೈಮೇಲಿರುವ ಬಟ್ಟೆಗೆ ಹೊಲಿಗೆ ಹಾಕಬಾರದು ಎಂಬ ಕಟ್ಟಲೆಗಳನ್ನು ಕಾಯುವ ಅಜ್ಜಿಯರು ಇನ್ನೂ ಇದ್ದಾರೆ. ಎಣ್ಣೆದೀಪದ ಬೆಳಕಿನಲ್ಲಿ ಸೂಜಿ ಬಿದ್ದರೆ ಸಿಗುವುದು ಯಾರ ಕಾಲಿಗೆ ಎಂದು ಯೋಚಿಸಿದರೆ ಮೊದಲನೆಯದಕ್ಕೆ ಕಾರಣ ಹೊಳೆಯುತ್ತದೆ.

ಮಂಗಳಸೂತ್ರಕ್ಕೋ ಬಳೆಗೋ ಸಿಕ್ಕಿಸಿಕೊಳ್ಳುವ ಪಿನ್ನು ನ್ಯೂಯಾರ್ಕಿನ ವಾಲ್ಟರ್ ಹಂಟ್‌ ಎಂಬಾತನದು. 1849ರಲ್ಲಿ ಪೇಟೆಂಟ್ ಪಡೆದು, ಸಾಲ ತೀರಿಸಲು ಹಕ್ಕನ್ನೆಲ್ಲ 400 ಡಾಲರಿಗೆ ಮಾರಿಬಿಟ್ಟ. ಅದಕ್ಕೂ ಮೊದಲು, 1830ರ ದಶಕದಲ್ಲಿ, ಇದೇ ಹಂಟ್ ಎರಡು ದಾರದ ಹೊಲಿಗೆ ಯಂತ್ರವೊಂದನ್ನು ಮಾಡಿದ್ದ. ಕೈಹೊಲಿಗೆಯಿಂದ ಹೊಟ್ಟೆ ಹೊರೆಯುವ ಹೆಂಗಸರ ಕೆಲಸ ಹೋಗುತ್ತದೆಂಬ ಅಳುಕಿನಿಂದ ಅದಕ್ಕೆ ಪೇಟೆಂಟ್ ಕೇಳಲಿಲ್ಲ ಎನ್ನುತ್ತಾರೆ. ಅಳುಕಿಗೆ ಆಧಾರವಿತ್ತು. ಫ್ರಾನ್ಸಿನಲ್ಲಿ ಬಾರ್ತೆಲೆಮಿ ತಿಮೊನಿಯೆ ಸೈನಿಕರ ಸಮವಸ್ತ್ರ ಹೊಲಿಯಲು ಹೂಡಿದ್ದ ಸುಮಾರು 80 ಯಂತ್ರಗಳನ್ನು 1831ರಲ್ಲಿ ಪ್ಯಾರಿಸ್ಸಿನ ದರ್ಜಿಗಳು ನುಗ್ಗಿ ಪುಡಿ ಮಾಡಿದ್ದರು. ಕೊನೆಗೆ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದರು. ಸಿಂಗರ್ ಕಂಪನಿಯ ನಿಜವಾದ ಜಾಣ್ಮೆ ಯಂತ್ರಕ್ಕಿಂತ ಮಾರಾಟದಲ್ಲಿತ್ತು: 1856ರಿಂದ ಕಂತಿನ ಮೇಲೆ ಕೊಡತೊಡಗಿತು.

ಭಾರತದಲ್ಲಿ ಸಿಂಗರ್ ಮಾರಾಟವನ್ನು ಕಟ್ಟಿ ಬೆಳೆಸಿದವರು ನಸರವಾನ್‌ಜಿ ಮೇರವಾನ್‌ಜಿ ಪಟೇಲ್ ಎಂಬ ಪಾರಸಿ ಏಜೆಂಟರು, 1870ರ ದಶಕದಿಂದ. ಹೊಲಿಗೆಯೇ ಬೇಡದ ಸೀರೆ ಧೋತರದ ನಾಡಿನಲ್ಲಿ ಹೊಲಿಗೆ ಯಂತ್ರ ಮಾರುವುದು ಅವರ ಮುಂದಿದ್ದ ಸಮಸ್ಯೆ. ಹಾಗಾಗಿ ಯಂತ್ರ ಮೊದಲು ಕೂತದ್ದು ಮನೆಯಲ್ಲಲ್ಲ, ಪೇಟೆಯ ಬಟ್ಟೆ ಅಂಗಡಿಯ ಜಗಲಿಯಲ್ಲಿ, ದರ್ಜಿಯ ಮುಂದೆ. ಗಿರಾಕಿ ಅಂಗಡಿಯಲ್ಲಿ ಬಟ್ಟೆ ಹರಿಸಿ, ಹೊರಗೆ ಬಂದು ಅಳತೆ ಕೊಟ್ಟು, ಸಂತೆ ಮುಗಿಸಿ ಬರುವಷ್ಟರಲ್ಲಿ ಅಂಗಿ ಸಿದ್ಧ. ಕೋಟು, ಅಂಗಿ, ಪಾಯಿಜಾಮದ ಕಾಲ ಬಂದಿತ್ತು. ಹೆಂಗಸರ ಕುಪ್ಪಸವೂ ಗಂಟಿನಿಂದ ಹುಕ್ಕಿಗೆ, ಕೈಹೊಲಿಗೆಯಿಂದ ಯಂತ್ರಕ್ಕೆ ಹೊರಳಿ ಜಂಪರ್ ಆಯಿತು.

ಯಂತ್ರಗಳನ್ನು ಕಟುವಾಗಿ ಟೀಕಿಸಿದ ಗಾಂಧೀಜಿ ಇದೊಂದಕ್ಕೆ ವಿನಾಯಿತಿ ಕೊಟ್ಟರು. 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸುತ್ತ, ಸಿಂಗರ್ ಯಂತ್ರದ ಹಿಂದೆ ಹೆಂಡತಿಯ ಬವಣೆ ತಪ್ಪಿಸುವ ಪ್ರೀತಿ ಇತ್ತೆಂದು ಹೇಳಿದರು. ಹೊಲಿಗೆಯ ಬವಣೆ ಅವರಿಗೆ ಕೇಳಿ ತಿಳಿದದ್ದಲ್ಲ. ದಕ್ಷಿಣ ಆಫ್ರಿಕಾದ ಜೈಲಿನಲ್ಲಿ ಕಂಬಳಿಗಳನ್ನು ಹೊಲಿಯುವ ಕೆಲಸ ಮಾಡಿದ್ದರು. 1930ರ ದಶಕದ ನಡುವೆ ಕೋಲ್ಕತ್ತಾದಲ್ಲಿ ಶುರುವಾದ ಜಯ್ ಇಂಜಿನಿಯರಿಂಗ್ ವರ್ಕ್ಸ್, ಮುಂದೆ ಲಾಲಾ ಶ್ರೀರಾಮರ ಕೈಗೆ ಬಂದು, ಉಷಾ ಯಂತ್ರವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ಉಷಾ ಎಂಬುದು ಸ್ಥಾಪಕರ ಮಗಳ ಹೆಸರು.

ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಬಟ್ಟೆಯೇ ಸಿಗುತ್ತಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಗಿರಣಿಗಳ ಬಟ್ಟೆ ಹೊರಟುಹೋಗಿ, 1943ರಲ್ಲಿ ಸರಕಾರ ಬಟ್ಟೆ, ನೂಲಿನ ಮೇಲೆ ನಿಯಂತ್ರಣ ತಂದಿತು. ಕಂಟ್ರೋಲ್ ಎಂಬ ಮಾತು ಕನ್ನಡದ ಮನೆಗಳಿಗೆ ಬಂದದ್ದು ಆಗಲೇ. ಅದೇ ವರ್ಷ ಬ್ರಿಟಿಷ್ ಸರಕಾರ ತನ್ನ ಗೃಹಿಣಿಯರಿಗೆ ಹಳೇ ಬಟ್ಟೆ ರಿಪೇರಿಯ ಕೈಪಿಡಿ ಅಚ್ಚುಹಾಕಿಸಿ ಹಂಚಿತು. ಇಲ್ಲಿ ಕೈಪಿಡಿಯ ಅಗತ್ಯ ಬೀಳಲಿಲ್ಲ. ಅಂಗಿಯ ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ, ಒಳಮೈ ಹೊರಗೆ ಬರುವಂತೆ ಹೊಲಿಯುವುದು ಗುಮಾಸ್ತರ ಮನೆಗಳಲ್ಲಿ ಎಲ್ಲರಿಗೂ ಬರುತ್ತಿತ್ತು. ಬೆಳೆಯುವ ಹುಡುಗಿಯ ಲಂಗಕ್ಕೆ ಕೆಳಗಡೆ ಎರಡು ಮೂರು ಮಡಿಕೆ ಹೊಲಿದು, ಯುಗಾದಿಗೊಂದರಂತೆ ಬಿಚ್ಚುತ್ತಿದ್ದರು.

1949ರಲ್ಲಿ ಸೂಜಿ ತಯಾರಿಕೆಯೂ ದಕ್ಷಿಣಕ್ಕೆ ಬಂತು. ನೀಲಗಿರಿಯ ಕೇತಿ ಕಣಿವೆಯಲ್ಲಿ ಬ್ರಿಟಿಷ್ ಕಂಪನಿಯ ಅಂಗವಾಗಿ ನೀಡಲ್ ಇಂಡಸ್ಟ್ರೀಸ್ ಶುರುವಾಯಿತು. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಊರುಗಳ ನಡುವೆ ಉಕ್ಕಿನ ತಂತಿ ಸೂಜಿಯಾಗತೊಡಗಿತು. ಪೋನಿ ಹೆಸರಿನ ಸೂಜಿ, ಪಿನ್ನು, ಹೆಣಿಗೆಯ ಕಡ್ಡಿಗಳು ಕರ್ನಾಟಕದ ಎಷ್ಟೋ ಮನೆಗಳ ಡಬ್ಬಿ ಸೇರಿದವು.

ಆ ಹೊತ್ತಿಗೆ ಯಂತ್ರ ಜಗಲಿ ದಾಟಿ ಒಳಗೆ ಬಂದಾಗಿತ್ತು. ಮದುವೆಯಲ್ಲಿ ಮಗಳಿಗೆ ಕೊಡುವ ಸಾಮಾನುಗಳಲ್ಲಿ ಹೊಲಿಗೆ ಮಷಿನ್ ಸೇರಿತು. ಮರದ ಮುಚ್ಚಳದ ಕೈಮಷಿನ್ನು, ಅನುಕೂಲವಿದ್ದರೆ ಎರಕದ ಕಬ್ಬಿಣದ ಕಾಲ್ಮಷಿನ್ನು. ಅದರ ಅರೆಯಲ್ಲಿ ಎಣ್ಣೆ ಕುಪ್ಪಿ, ಬಾಬಿನ್ನುಗಳು, ಚಕ್ರದ ಚರ್ಮದ ಬೆಲ್ಟಿನ ತುಂಡು. ದಾರ ಯಾಕೆ ಕಡಿಯುತ್ತಿದೆ ಎಂದು ಕಿವಿಗೊಟ್ಟೇ ಹೇಳುವ ಹೆಂಗಸರು ಬೀದಿಗೊಬ್ಬರಾದರೂ ಇದ್ದರು. ಗಂಡನನ್ನು ಕಳೆದುಕೊಂಡವರಿಗೆ, ಕೈಬಿಡಲ್ಪಟ್ಟವರಿಗೆ ಈ ಮಷಿನ್ನು ಹೊಸ್ತಿಲೊಳಗೇ ಅನ್ನ ಸಂಪಾದಿಸುವ ದಾರಿಯಾಯಿತು. ಬ್ಲೌಸು, ಸೀರೆಗೆ ಫಾಲು, ಪಿಕೋ, ಕುಚ್ಚು. ಸರಕಾರಗಳು ಹೆಂಗಸರಿಗೆ ಉಚಿತ ಹೊಲಿಗೆ ಯಂತ್ರ ಹಂಚುವುದು ಇಂದಿಗೂ ನಿಂತಿಲ್ಲ. ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಬಂದು ಲಕ್ಷಾಂತರ ಹೆಂಗಸರನ್ನು ಅದೇ ಯಂತ್ರದ ವಿದ್ಯುತ್ ರೂಪದ ಮುಂದೆ ಕೂರಿಸಿದವು. ಅಲ್ಲಿ ಒಬ್ಬಳದು ಇಡೀ ದಿನ ಕಾಲರು, ಇನ್ನೊಬ್ಬಳದು ಇಡೀ ದಿನ ತೋಳು.

ಕೌದಿಯ ಬಟ್ಟೆ ಬತ್ತಿದ್ದು ಬೇರೆ ಎರಡು ಕಾರಣಗಳಿಂದ. ಒಂದು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಾಗಿಲಿಗೆ ಬಂದರು. ನಾಲ್ಕಾರು ಸೀರೆ, ಎರಡು ಪ್ಯಾಂಟು ಕೊಟ್ಟರೆ ಹೊಳೆಯುವ ಡಬ್ಬಿ. ಮಣ್ಣು, ಹಿತ್ತಾಳೆ ಬಿಟ್ಟು ಸ್ಟೀಲಿಗೆ ಹೊರಳುತ್ತಿದ್ದ ಅಡುಗೆಮನೆಗೆ ಅದು ನ್ಯಾಯವಾದ ವ್ಯಾಪಾರವೇ. ಆದರೆ ಕೌದಿಗೆ ಹೋಗಬೇಕಾದ ಗಂಟು ಹಾಗೆ ಊರು ಬಿಟ್ಟಿತು. ಇನ್ನೊಂದು, ಟೆರಿಲಿನ್, ಪಾಲಿಯೆಸ್ಟರ್ ಬಂದವು. ಒಗೆಯಲು ಸುಲಭ, ಇಸ್ತ್ರಿ ಬೇಡ, ಹರಿಯುವುದೂ ಇಲ್ಲ. ಹರಿಯದ ಬಟ್ಟೆಗೆ ತೇಪೆ ಬೇಡ. ಹಳತಾದಾಗ ಅದು ಮೆತ್ತಗೂ ಆಗುವುದಿಲ್ಲ.

ಇಂದಿನ ಸಿದ್ಧ ಉಡುಪಿನ ಒಳಗನ್ನು ತಿರುವಿ ನೋಡಿದರೆ ಇನ್ನೊಂದು ಬದಲಾವಣೆ ಕಾಣುತ್ತದೆ. ಊರ ದರ್ಜಿ ಬ್ಲೌಸಿನ ಬದಿಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟು ಹೊಲಿಯುತ್ತಿದ್ದ. ಮೈ ತುಂಬಿದರೆ ಒಂದು ಹೊಲಿಗೆ ಬಿಚ್ಚಿದರಾಯಿತು. ಕಾರ್ಖಾನೆಯ ಓವರ್‌ಲಾಕ್ ಯಂತ್ರ ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಬಿಸಾಡುತ್ತದೆ. ಚಿಕ್ಕದು ಮಾಡಬಹುದು, ದೊಡ್ಡದು ಮಾಡಲಾಗದು. ನಗರದ ಫುಟ್‌ಪಾತಿನ ಮೇಲೆ ಛತ್ರಿ ನೆಟ್ಟು ಕಾಲ್ಮಷಿನ್ನಿಟ್ಟುಕೊಂಡ ಆಲ್ಟರೇಷನ್ ದರ್ಜಿಗಳ ಬಳಿ ಬರುವ ಕೆಲಸವೂ ಅದಕ್ಕೆ ತಕ್ಕಂತಿದೆ: ಜೀನ್ಸಿನ ಉದ್ದ ಇಳಿಸುವುದು, ಅಂಗಿಯ ಸೊಂಟ ಹಿಡಿಯುವುದು, ಬ್ಯಾಗಿನ ಜಿಪ್ಪು ಬದಲಿಸುವುದು. ಒಳಗೆ ಬಟ್ಟೆ ಬಿಟ್ಟು ಹೊಲಿದ ಹಳೇ ಅಂಗಿ ಬಂದರೆ ಖುಷಿ ಅವರ ಮುಖದಲ್ಲೇ ಗೊತ್ತಾಗುತ್ತದೆ.

ಕೌದಿ ಹೊಲಿಸುವವರು ಮತ್ತೆ ಹುಟ್ಟಿಕೊಂಡಿದ್ದಾರೆ. ಊರು ಬಿಟ್ಟವರು ಅಮ್ಮನ ಸೀರೆಗಳ ಗಂಟು ಹೊತ್ತು ಧಾರವಾಡ, ಗದಗ, ಬಾಗಲಕೋಟೆಯ ಹಳ್ಳಿಗಳಿಗೆ ಬಂದು ಹೊಲಿಯಬಲ್ಲ ಕೈ ಹುಡುಕುತ್ತಾರೆ. ಹೊಲಿಯುವವರು ಮೊದಲು ಗಂಟು ಬಿಚ್ಚಿಸಿ, ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಾರೆ. ಹತ್ತಿಯದನ್ನು ಒಂದು ಕಡೆ, ಪಾಲಿಯೆಸ್ಟರನ್ನು ಇನ್ನೊಂದು ಕಡೆ ಹಾಕುತ್ತಾರೆ. ಎರಡನೆಯ ಗುಡ್ಡೆಯನ್ನು ವಾಪಸು ಕೊಡುತ್ತಾರೆ: ಅದರ ಮೇಲೆ ಸೂಜಿ ಜಾರುತ್ತದೆ, ಪದರಗಳು ಕಚ್ಚಿಕೊಂಡು ಕೂರುವುದಿಲ್ಲ, ಹೊದ್ದರೆ ಬೆವರು ಹೀರುವುದಿಲ್ಲ. ಕೂಲಿಯ ಮಾತು ಆಮೇಲೆ, ಸಾಲು ಎಷ್ಟು ಒತ್ತಾಗಿ ಬೇಕು ಎನ್ನುವುದರ ಮೇಲೆ.